ಬ್ರಿಟನ್ ಪ್ರವಾಸ: ನಮ್ಮ ಮನೆಯ ಸಿದ್ಧತೆ

ಭೂಪಟದಲ್ಲಿ ನೋಡಿದರೆ ಬ್ರಿಟನ್ ಬಹು ದೊಡ್ಡ ನಾಡೇನೂ ಅಲ್ಲ. ನಮ್ಮ ಕರ್ನಾಟಕದ ವಿಸ್ತೀರ್ಣ 1,91,791 ಚದರ ಕಿಲೋಮೀಟರು. ಇಂಗ್ಲೆಂಡು, ವೇಲ್ಸ್, ಸ್ಕಾಟ್ಲೆಂಡುಗಳು ಕೂಡಿದ ಆ ದ್ವೀಪದ್ದು ಸುಮಾರು 2,09,000. ಇಷ್ಟು ಅಲ್ಪ ವ್ಯತ್ಯಾಸವನ್ನು ಕಂಡಾಗ ಎರಡು ವಾರಗಳಲ್ಲಿ ಇಡೀ ನಾಡನ್ನೇ ಸುತ್ತಿಬಿಡಬಹುದೆಂಬ ಉತ್ಸಾಹ ಹುಟ್ಟುವುದು ಸಹಜ. ಲೀಡ್ಸ್ ನಗರದಲ್ಲಿ ಉದ್ಯೋಗದಲ್ಲಿರುವ ನಮ್ಮ ಮಗಳಿಗೂ ಅದೇ ಉತ್ಸಾಹ ಹುಟ್ಟಿತು. ಬರುವ ಬಸವ ಜಯಂತಿಯನ್ನು ಧಾರವಾಡದಲ್ಲಿಯೇ ಮುಗಿಸಿಕೊಂಡು, ಮೇ ತಿಂಗಳಿನಲ್ಲಿ ನಾವು ದಂಪತಿಗಳು ಅವಳಲ್ಲಿಗೆ ಹೋಗುವುದೆಂದು ನಿಶ್ಚಯವಾದ ವಾರದಲ್ಲಿಯೇ ಅವಳು ಪ್ರವಾಸದ ಒಂದು ನಕಾಶೆಯನ್ನು ಸಿದ್ಧಪಡಿಸಿ ಕಳುಹಿಸಿದಳು.

ಆ ನಕಾಶೆಯಲ್ಲಿ ಏನಿರಲಿಲ್ಲ! ಲಂಡನ್, ಸ್ಟೋನ್‌ಹೆಂಜ್, ಕಾರ್ನ್‌ವಾಲಿನ ಕಡಲ ತುದಿ, ವೇಲ್ಸಿನ ಬೆಟ್ಟಗಳು, ಸರೋವರಗಳ ಸೀಮೆ, ಸ್ಕಾಟ್ಲೆಂಡಿನ ದ್ವೀಪಗಳು, ಕೊನೆಗೆ ಎಡಿನ್‌ಬರೋ. ಎಲ್ಲವೂ ಕಾರಿನಲ್ಲಿ. “ಅಪ್ಪಾ, ನೀವೇನೂ ಚಿಂತಿ ಮಾಡಬ್ಯಾಡ್ರಿ. ನಾ ಗಾಡಿ ಹೊಡೀತೀನಿ, ನೀವಿಬ್ರೂ ಆರಾಮ ಕೂತು ನೋಡಕೋತ ಬರ್ರಿ” ಎಂದಳು. ನಾವು ಕಾಗದ ಪೆನ್ಸಿಲ್ ಹಿಡಿದು ದೂರಗಳನ್ನು ಕೂಡಿಸಿದಾಗ ಒಟ್ಟು ಸುಮಾರು 1,700 ಮೈಲಿ, ಅಂದರೆ 2,700 ಕಿಲೋಮೀಟರಿಗೂ ಮಿಕ್ಕಿತು. ಅವಳಿಗೆ ದೊರೆತಿರುವ ರಜೆ 14 ದಿನ.

ಲೆಕ್ಕವನ್ನು ಕೇಳಿಸಿಕೊಂಡ ನಮ್ಮ ಸಹಧರ್ಮಿಣಿ ಅಡುಗೆಮನೆಯಿಂದಲೇ ಹೇಳಿದ ಮಾತು ಇದು: “ನಾವು ಹೋಗೂದು ಗುಡ್ಡಾ ನೋಡಾಕಲ್ಲ, ಕೂಸಿನ್ನ ನೋಡಾಕ. ಆಕಿ ದಿನಾ ಗಾಡಿ ಹೊಡಕೋತ ಕುಂತ್ರ ನಮಗ ಕಾಣೂದು ಆಕಿ ಬೆನ್ನ.”

ಕಳೆದ ಎರಡು ವರ್ಷ ನಾಲ್ಕು ತಿಂಗಳಿನಿಂದ ನಾವು ಮಗಳನ್ನು ಫೋನಿನ ಪರದೆಯ ಮೇಲಲ್ಲದೆ ಕಂಡಿಲ್ಲ. ಹಿಂದಿನ ಸಲ ಬಂದಾಗ ಬಂಧುಗಳ ಮದುವೆಯ ಗದ್ದಲದಲ್ಲಿ ಏಳು ದಿನಗಳು ಕಳೆದುಹೋದವು. ಓದುಗ ಬಂಧುಗಳಲ್ಲಿ ಅನೇಕರ ಮಕ್ಕಳು ಇಂದು ಹೊರನಾಡುಗಳಲ್ಲಿರುವುದರಿಂದ ಈ ಮಾತಿನ ಭಾರವನ್ನು ವಿವರಿಸಬೇಕಾಗಿಲ್ಲ. ಅಂದಿನಿಂದ ನಮ್ಮ ಯೋಜನೆಗೆ ಸ್ಥಳಗಳ ಪಟ್ಟಿಯ ಬದಲು ಬೇರೊಂದು ಅಳತೆಗೋಲು ಬಂದಿತು: ಮಗಳು ಸ್ಟಿಯರಿಂಗ್ ಹಿಡಿಯಬೇಕಾದ ಗಂಟೆಗಳು ಎಷ್ಟು, ನಮ್ಮೆದುರು ಕುಳಿತಿರುವ ಗಂಟೆಗಳು ಎಷ್ಟು?

ಬ್ರಿಟನ್ನಿನ ದೂರದ ರೈಲುಗಳಲ್ಲಿ ನಡುವೆ ಮೇಜಿಟ್ಟು ಎದುರುಬದುರಾಗಿ ಇಬ್ಬಿಬ್ಬರು ಕೂಡುವ ಆಸನಗಳಿರುತ್ತವೆ. ನಾವು ಮೂವರು, ನಾಲ್ಕನೆಯದು ಖಾಲಿ ಇದ್ದರೆ ಬುತ್ತಿಯ ಚೀಲಕ್ಕೆ. ಲಂಡನ್ನಿನ ಕಿಂಗ್ಸ್ ಕ್ರಾಸ್ ನಿಲ್ದಾಣದಿಂದ ಎಡಿನ್‌ಬರೋ 393 ಮೈಲಿ, ಅಂದರೆ 632 ಕಿಲೋಮೀಟರು. ರೈಲಿನಲ್ಲಿ ಇದು ಸುಮಾರು ನಾಲ್ಕೂವರೆ ಗಂಟೆಯ ಹಾದಿ. ಕಾರಿನಲ್ಲಿ ಹೋದರೆ ವಿಶ್ರಾಂತಿಯೂ ಸೇರಿ ಇಡೀ ದಿನ ಬೇಕು. ಎರಡು ಗಂಟೆಗೊಮ್ಮೆ ಕನಿಷ್ಠ 15 ನಿಮಿಷ ನಿಲ್ಲಬೇಕೆಂದು ಅಲ್ಲಿಯ ರಸ್ತೆ ನಿಯಮಗಳ ಕೈಪಿಡಿಯೇ ಸಲಹೆ ಕೊಡುತ್ತದೆ. ಹೀಗಾಗಿ ದೂರದ ಹಾದಿಗಳಿಗೆಲ್ಲ ರೈಲು, ರೈಲು ತಲುಪದ ಕಡೆಗೆ ಮಾತ್ರ ಕಾರು ಎಂದು ಗೊತ್ತುಮಾಡಿದೆವು. ಮಗಳು ಎರಡು ದಿನ ಮುನಿಸಿಕೊಂಡು ಮೂರನೆಯ ದಿನ ಒಪ್ಪಿದಳು.

ರೈಲಿನ ಟಿಕೆಟ್ಟಿನ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುವುದು ಉಚಿತ. ನಮ್ಮಲ್ಲಿ ಒಂದು ರೈಲಿನ ಒಂದು ದರ್ಜೆಗೆ ದರ ಬಹುಮಟ್ಟಿಗೆ ಒಂದೇ. ಅಲ್ಲಿ ಒಂದೇ ಡಬ್ಬಿಯಲ್ಲಿ ಅಕ್ಕಪಕ್ಕ ಕುಳಿತವರು ಕೊಟ್ಟ ಹಣದಲ್ಲಿ ಎರಡು ಮೂರು ಪಟ್ಟು ಅಂತರವಿರಬಹುದು. ಮೊದಲೇ ಕೊಳ್ಳುವ ‘ಅಡ್ವಾನ್ಸ್’ ಟಿಕೆಟ್ಟು ಅಗ್ಗ, ಆದರೆ ಅದರಲ್ಲಿ ನಮೂದಾದ ರೈಲನ್ನೇ ಹತ್ತಬೇಕು, ತಪ್ಪಿದರೆ ಹಣ ಹೋದಂತೆಯೇ. ‘ಆಫ್ ಪೀಕ್’ ಟಿಕೆಟ್ಟಿಗೆ ಜನಸಂದಣಿಯ ಹೊತ್ತಿನ ರೈಲುಗಳು ನಿಷಿದ್ಧ. ‘ಎನಿ ಟೈಮ್’ ಎಂಬುದು ಎಲ್ಲಕ್ಕೂ ಸಲ್ಲುತ್ತದೆ, ಬೆಲೆಯೂ ಹಾಗೆಯೇ ಇರುತ್ತದೆ. ಅಡ್ವಾನ್ಸ್ ಟಿಕೆಟ್ಟುಗಳು ಸಾಮಾನ್ಯವಾಗಿ ಪ್ರಯಾಣಕ್ಕೆ 12 ವಾರ ಮೊದಲು ಮಾರಾಟಕ್ಕೆ ಬರುತ್ತವೆ. ನಮ್ಮ ವೇಟಿಂಗ್ ಲಿಸ್ಟಿನ ಸಂಕಟ ಅಲ್ಲಿಲ್ಲ. ಆದರೆ ಆಸನ ಕಾಯ್ದಿರಿಸದಿದ್ದರೆ ಟಿಕೆಟ್ಟಿದ್ದರೂ ನಿಂತು ಹೋಗಬೇಕಾದೀತು.

ಇದರ ಮೇಲೆ ರಿಯಾಯಿತಿ ಕಾರ್ಡುಗಳಿವೆ. 60 ದಾಟಿದವರಿಗೆ ಹಿರಿಯರ ಕಾರ್ಡು ಒಂದು. ಜೋಡಿಯಾಗಿ ಪ್ರಯಾಣ ಮಾಡುವ ಇಬ್ಬರಿಗೆ ‘ಟೂ ಟುಗೆದರ್’ ಎಂಬ ಕಾರ್ಡು ಇನ್ನೊಂದು. ಎರಡರಲ್ಲಿಯೂ ದರದ ಮೂರನೆಯ ಒಂದು ಭಾಗ ಇಳಿಯುತ್ತದೆ. ಹಿರಿಯರ ಕಾರ್ಡು ತಲೆಗೊಂದು ಬೇಕು. ಜೋಡಿ ಕಾರ್ಡು ಇಬ್ಬರಿಗೂ ಸೇರಿ ಒಂದೇ, ಅದರಲ್ಲಿ ಇಬ್ಬರ ಭಾವಚಿತ್ರವೂ ಇರುತ್ತದೆ. ಅದನ್ನೇ ಆರಿಸಿಕೊಂಡಿದ್ದೇವೆ. ವಾರದ ಕೆಲಸದ ದಿನಗಳಲ್ಲಿ ಬೆಳಿಗ್ಗೆ ಒಂಬತ್ತೂವರೆಗೆ ಮೊದಲು ಅದು ನಡೆಯುವುದಿಲ್ಲ. ಇದನ್ನು ಕೊರತೆಯೆಂದು ಮಗಳು ಹೇಳಿದಳು. ನಮಗೋ ಸ್ನಾನ, ಇಷ್ಟಲಿಂಗ ಪೂಜೆ, ಪ್ರಸಾದಗಳನ್ನು ಅವಸರವಿಲ್ಲದೆ ಮುಗಿಸಿಕೊಂಡು ನಿಲ್ದಾಣಕ್ಕೆ ಹೊರಡಲು ಅದೇ ಸರಿಯಾದ ಹೊತ್ತು.

ನಮ್ಮ ಮನೆಯವರ ಎರಡೂ ಮೊಣಕಾಲುಗಳಿಗೆ ಕಳೆದ ವರ್ಷ ಶಸ್ತ್ರಚಿಕಿತ್ಸೆಯಾಗಿದೆ. ನಡಿಗೆಗೆ ತೊಂದರೆಯಿಲ್ಲ, ಮೆಟ್ಟಿಲು, ಎತ್ತರದ ಹೆಜ್ಜೆಗಳಿಗೆ ಭಯ. ಅಲ್ಲಿಯ ನಿಲ್ದಾಣಗಳಲ್ಲಿ ನಮ್ಮಂತೆ ಕೂಲಿಗಳಿಲ್ಲ. ಆದರೆ ವೃದ್ಧರು, ಅಶಕ್ತರು ಮೊದಲೇ ತಿಳಿಸಿದರೆ ಸಿಬ್ಬಂದಿಯವರು ಬಂದು ಡಬ್ಬಿಗೆ ಹತ್ತಿಸಿ, ಇಳಿಯುವಲ್ಲಿಯೂ ಕಾದಿದ್ದು ಇಳಿಸಿಕೊಳ್ಳುವ ಉಚಿತ ವ್ಯವಸ್ಥೆಯಿದೆ. ಪ್ರಯಾಣಕ್ಕೆ ಎರಡು ಗಂಟೆ ಮೊದಲು ಹೇಳಿದರೂ ಸಾಕು. ಇಂಥದೊಂದು ಅನುಕೂಲವಿರುವುದು ನಮ್ಮವರಲ್ಲಿ ಎಷ್ಟೋ ಜನರಿಗೆ ಗೊತ್ತಿಲ್ಲ. ಗೊತ್ತಿದ್ದವರೂ ಸಂಕೋಚದಿಂದ ಕೇಳುವುದಿಲ್ಲ. ಕೇಳಬೇಕು.

ಇನ್ನು ಕಾರು. ಅಲ್ಲಿಯೂ ವಾಹನಗಳು ಎಡಬದಿಯಲ್ಲಿಯೇ ಸಾಗುತ್ತವೆ. ಪ್ರವಾಸಿಯಾಗಿ ಹೋದವರು ನಮ್ಮ ದೇಶದ ಲೈಸೆನ್ಸಿನ ಮೇಲೆ 12 ತಿಂಗಳ ತನಕ ಸಣ್ಣ ವಾಹನ ನಡೆಸಬಹುದು. ನಮಗೆ 71 ವರ್ಷ. ಧಾರವಾಡ ಹುಬ್ಬಳ್ಳಿಗಳ ನಡುವೆ ಈಗಲೂ ನಾವೇ ಕಾರು ನಡೆಸುತ್ತೇವೆ. ಎರಡನೆಯ ಚಾಲಕರಾಗಿ ನಮ್ಮ ಹೆಸರನ್ನೂ ಬರೆಸೋಣವೆಂಬ ಆಸೆ ನಮಗಿತ್ತು. ಬಾಡಿಗೆ ಕಾರಿನ ಕೆಲವು ಸಂಸ್ಥೆಗಳು ಚಾಲಕರ ವಯಸ್ಸಿಗೆ ಮೇಲ್ಮಿತಿ ಇಟ್ಟಿವೆ, ಎರಡನೆಯ ಚಾಲಕರಿಗೆ ಸಾಮಾನ್ಯವಾಗಿ ಬೇರೆ ಹಣವನ್ನೂ ತೆಗೆದುಕೊಳ್ಳುತ್ತವೆ. ಮಗಳಿಗೆ ಇವೆರಡಕ್ಕಿಂತ ದೊಡ್ಡ ಕಾರಣವಿತ್ತು. ಅದನ್ನು ಅವಳು ಬಾಯಿಬಿಟ್ಟು ಹೇಳಲಿಲ್ಲ, ನಾವೂ ಕೇಳಲಿಲ್ಲ. ನಮ್ಮ ಪಾಲಿಗೆ ನಕಾಶೆ ನೋಡಿ ದಾರಿ ಹೇಳುವ ಕೆಲಸ ಬಂದಿದೆ.

ಹಾಗೆಂದು ಅಲ್ಲಿಯ ರಸ್ತೆಯ ರೀತಿಯನ್ನು ತಿಳಿಯದೆ ಬಿಟ್ಟಿಲ್ಲ. ದೂರವೆಲ್ಲ ಮೈಲಿಗಳಲ್ಲಿ, ಪೆಟ್ರೋಲು ಮಾತ್ರ ಲೀಟರಿನಲ್ಲಿ! ಮೋಟರ್‌ವೇಯಲ್ಲಿ ಗಂಟೆಗೆ 70 ಮೈಲಿ, ಸಾಧಾರಣ ಒಂಟಿ ಹೆದ್ದಾರಿಯಲ್ಲಿ 60 ಮೈಲಿ ಗರಿಷ್ಠ ವೇಗ. ಸರ್ಕಲ್ಲಿಗೆ ಬಂದಾಗ ಬಲಗಡೆಯಿಂದ ಬರುವ ವಾಹನಕ್ಕೆ ದಾರಿ ಬಿಟ್ಟು ಕಾಯಬೇಕು; ನಮ್ಮಲ್ಲಿಯಂತೆ ಮೂತಿ ತೂರಿಸಿದವನಿಗೆ ಮೊದಲ ಹಕ್ಕು ಎಂಬುದಿಲ್ಲ. ಲಂಡನ್ನಿನ ನಡುಭಾಗಕ್ಕೆ ಕಾರು ಒಯ್ದರೆ 2003ರಿಂದ ಜಾರಿಯಲ್ಲಿರುವ ವಾಹನದಟ್ಟಣೆಯ ಶುಲ್ಕ ತೆರಬೇಕು. ಆ ನಗರದಲ್ಲಿ ಕಾರಿನ ಯೋಚನೆಯನ್ನೇ ಮಾಡಬಾರದು. ಸ್ಕಾಟ್ಲೆಂಡಿನ ಬೆಟ್ಟಸೀಮೆಯಲ್ಲಿ ಒಂದೇ ವಾಹನ ಹಿಡಿಸುವಷ್ಟು ಕಿರಿದಾದ ರಸ್ತೆಗಳಿವೆ. ಅವುಗಳಲ್ಲಿ ಅಲ್ಲಲ್ಲಿ ‘ಪಾಸಿಂಗ್ ಪ್ಲೇಸ್’ ಎಂಬ ಅಗಲವಾದ ತಾಣಗಳು. ಅದು ಎಡಕ್ಕಿದ್ದರೆ ಒಳಗೆ ಸರಿದು ನಿಲ್ಲಬೇಕು, ಬಲಕ್ಕಿದ್ದರೆ ಅದರ ಎದುರಿಗೆ ರಸ್ತೆಯಲ್ಲಿಯೇ ನಿಂತು ಎದುರಿನವರನ್ನು ಬಿಟ್ಟುಕೊಡಬೇಕು. ಅಲ್ಲಿ ಕಾರು ನಿಲ್ಲಿಸಿ ಫೋಟೋ ತೆಗೆಯುವುದು ಸಲ್ಲದು.

ಹೀಗೆ ಕೂಡಿಸಿ ಕಳೆದು ಉಳಿದ ಯೋಜನೆ ಇದು. ಲಂಡನ್ನಿನಲ್ಲಿ ಮೂರು ರಾತ್ರಿ. ಅಲ್ಲಿ ನಮ್ಮ ಮೊದಲ ಕೆಲಸ ವಾಕ್ಸ್‌ಹಾಲ್ ನಿಲ್ದಾಣದಲ್ಲಿಳಿದು, ಥೇಮ್ಸ್ ನದಿಯ ದಡದ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿಯವರು ಅನಾವರಣಗೊಳಿಸಿದ ಬಸವಣ್ಣನವರ ಪ್ರತಿಮೆಗೆ ಶರಣಾರ್ಥಿ ಸಲ್ಲಿಸುವುದು. ಬಳಿಕ ಯಾರ್ಕ್ ನಗರದಲ್ಲಿ ಒಂದು ರಾತ್ರಿ. 1938ರ ಜುಲೈ 3ರಂದು ಗಂಟೆಗೆ 126 ಮೈಲಿ ವೇಗದಲ್ಲಿ ಓಡಿ ಉಗಿಬಂಡಿಗಳಲ್ಲಿ ದಾಖಲೆ ಸ್ಥಾಪಿಸಿದ ‘ಮಲ್ಲಾರ್ಡ್’ ಎಂಜಿನು ಅಲ್ಲಿಯ ರಾಷ್ಟ್ರೀಯ ರೈಲ್ವೆ ವಸ್ತುಸಂಗ್ರಹಾಲಯದಲ್ಲಿದೆ, ಪ್ರವೇಶಕ್ಕೆ ಶುಲ್ಕವಿಲ್ಲ. ಅಲ್ಲಿಂದ ಎಡಿನ್‌ಬರೋಗೆ ಹೋಗುವಾಗ ಬಲಬದಿಯ ಕಿಟಕಿ ಬೇಕೆಂದು ಕೇಳಿದ್ದೇವೆ: ನ್ಯೂಕ್ಯಾಸಲ್ ದಾಟಿದ ಮೇಲೆ ಸಮುದ್ರ ಆ ಬದಿಗೆ. ಬೆರಿಕ್ ಎಂಬಲ್ಲಿ ಟ್ವೀಡ್ ನದಿಯ ಮೇಲೆ 28 ಕಮಾನುಗಳ ಸೇತುವೆ. 1850ರಲ್ಲಿ ವಿಕ್ಟೋರಿಯಾ ರಾಣಿ ಅದನ್ನು ಉದ್ಘಾಟಿಸಿದಳು.

ಎಡಿನ್‌ಬರೋದಲ್ಲಿ ಎರಡು ರಾತ್ರಿ ತಂಗಿ, ರೈಲಿನಲ್ಲಿ ಇನ್‌ವರ್ನೆಸ್. ಅಲ್ಲಿಯೇ ಕಾರು ಪಡೆದು ಅಲ್ಲಿಯೇ ಮರಳಿಸುವುದು. ಒಂದೂರಲ್ಲಿ ಪಡೆದು ಇನ್ನೊಂದೂರಲ್ಲಿ ಬಿಟ್ಟರೆ ಹೆಚ್ಚಿನ ಹಣ ಕೇಳುತ್ತಾರೆ. ಲಾಕ್ ನೆಸ್ ಸರೋವರದ ದಂಡೆ ಹಿಡಿದು, ಐಲಿಯನ್ ಡೋನನ್ ಕೋಟೆಯನ್ನು ನೋಡಿಕೊಂಡು, 1995ರಲ್ಲಿ ತೆರೆದ ಸೇತುವೆಯ ಮೇಲೆ ಸ್ಕೈ ದ್ವೀಪಕ್ಕೆ. ಆ ಕೋಟೆ 1719ರಲ್ಲಿ ನೌಕಾಪಡೆಯ ಗುಂಡಿಗೆ ಸಿಲುಕಿ ಹಾಳಾಗಿ, ಇನ್ನೂರು ವರ್ಷ ಪಾಳುಬಿದ್ದು, ಇಪ್ಪತ್ತನೆಯ ಶತಮಾನದಲ್ಲಿ ಮತ್ತೆ ಎದ್ದು ನಿಂತದ್ದು. ಸ್ಕೈ ದ್ವೀಪದಲ್ಲಿ ಮೂರು ರಾತ್ರಿ ಒಂದೇ ಮನೆಯಲ್ಲಿ. ಆ ಮನೆಗೆ ಅಡುಗೆಯ ಒಲೆಯಿದೆ. ಎಲ್ಲ ಹೋಟೆಲುಗಳನ್ನೂ ಬಿಟ್ಟು ನಮ್ಮವರು ಅದನ್ನೇ ಆರಿಸಿದ್ದಕ್ಕೆ ಬೇರೆ ಕಾರಣ ಬೇಕಾಗಿರಲಿಲ್ಲ. ಮೇ ತಿಂಗಳ ಮೊದಲರ್ಧವನ್ನು ಆರಿಸಿದ್ದು ಅಲ್ಲಿಯ ‘ಮಿಜ್’ ಎಂಬ ಕಚ್ಚುವ ಸಣ್ಣ ನುಸಿಗಳ ಕಾಟಕ್ಕೆ ಹೆದರಿ. ಅವುಗಳ ಹಾವಳಿ ಮೇ ಕೊನೆಗೆ ಮೊದಲಾಗಿ ಸೆಪ್ಟೆಂಬರಿನ ತನಕ ಇರುತ್ತದೆ.

ಮರಳುವಾಗ ಇನ್‌ವರ್ನೆಸ್ ಮತ್ತು ಕಾರ್ಲೈಲ್‌ಗಳಲ್ಲಿ ಒಂದೊಂದು ರಾತ್ರಿ. ಕಾರ್ಲೈಲಿನಿಂದ ಲೀಡ್ಸಿಗೆ ಬರುವ ಸೆಟಲ್ ಮಾರ್ಗವನ್ನು ಮಾತ್ರ ನಾವು ಹಟ ಹಿಡಿದು ಸೇರಿಸಿದೆವು. 1876ರಲ್ಲಿ ಪ್ರಯಾಣಿಕರಿಗೆ ತೆರೆದ ಈ ದಾರಿಯ ರಿಬಲ್‌ಹೆಡ್ ಎಂಬಲ್ಲಿ ಜೌಗುನೆಲದ ಮೇಲೆ 24 ಕಮಾನುಗಳ ಸೇತುವೆ ಸುಮಾರು 400 ಮೀಟರು ಉದ್ದಕ್ಕೆ ನಿಂತಿದೆ. ಅದನ್ನು ಕಟ್ಟಲು ಬಂದು ಗುಡಿಸಲುಗಳಲ್ಲಿ ಸಂಸಾರ ಹೂಡಿದ ಕೂಲಿಕಾರರಲ್ಲಿ ಅನೇಕರು ಅಪಘಾತಕ್ಕೂ ಸಿಡುಬಿಗೂ ಬಲಿಯಾದರು. ಹತ್ತಿರದ ಹಳ್ಳಿಯ ಇಗರ್ಜಿಯ ಅಂಗಳದಲ್ಲಿ ಅವರ ಸಮಾಧಿಗಳಿವೆ. ನಷ್ಟದ ಕಾರಣ ಒಡ್ಡಿ ಮುಚ್ಚಬೇಕೆಂದಿದ್ದ ಈ ಮಾರ್ಗವನ್ನು ಜನರು ವರ್ಷಗಟ್ಟಲೆ ಹೋರಾಡಿ 1989ರಲ್ಲಿ ಉಳಿಸಿಕೊಂಡರು. ಕ್ಯಾಸಲ್ ರಾಕ್ ಘಟ್ಟದ ರೈಲುದಾರಿಯನ್ನು ಬಾಲ್ಯದಿಂದ ಬಲ್ಲ ನಮಗೆ ಅಂಥ ದಾರಿ ಕಟ್ಟಿದವರ ಕಷ್ಟದ ಕಲ್ಪನೆಯಿದೆ.

ಕಾರ್ನ್‌ವಾಲ್, ವೇಲ್ಸ್, ಸ್ಟೋನ್‌ಹೆಂಜ್, ಸರೋವರಗಳ ಸೀಮೆ ಇವೆಲ್ಲ ಬಿಟ್ಟುಹೋದವು. ಗ್ಲೆನ್‌ಫಿನ್ನನ್ನಿನ 21 ಕಮಾನುಗಳ ಸೇತುವೆಯನ್ನು ಬಿಡುವಾಗ ಮಾತ್ರ ಮನಸ್ಸಿಗೆ ಕಷ್ಟವಾಯಿತು. ಮಗಳ ನಕಾಶೆಯಂತೆ ಅವಳು ಕಾರು ನಡೆಸುವ ದಿನಗಳು 11 ಇದ್ದವು, ಈಗ ಐದು. ಅವುಗಳಲ್ಲಿಯೂ ದ್ವೀಪದ ದಿನಗಳಲ್ಲಿ ಊಟದ ನಂತರ ಗಾಡಿ ತೆಗೆಯಬಾರದೆಂದು ಅವಳ ಅವ್ವನ ಕಟ್ಟಪ್ಪಣೆಯಾಗಿದೆ. ಭಾನುವಾರ ದೂರದ ರೈಲು ಹಿಡಿಯುವುದಿಲ್ಲ, ಏಕೆಂದರೆ ಹಳಿಗಳ ದುರಸ್ತಿಯನ್ನು ಹೆಚ್ಚಾಗಿ ಅಂದೇ ಇಟ್ಟುಕೊಳ್ಳುತ್ತಾರೆ. ಕೊನೆಯ ಒಂದು ದಿನಕ್ಕೆ ಏನನ್ನೂ ಗೊತ್ತುಮಾಡಿಲ್ಲ. ಲೀಡ್ಸಿನ ಮನೆಯಲ್ಲಿ ಮೂವರೂ ಸುಮ್ಮನೆ ಇರುವುದು.

ಗಂಟುಮೂಟೆಯ ಮಾತು ಬೇರೆಯೇ ನಡೆದಿದೆ. ಅವರವರ ಪೆಟ್ಟಿಗೆಯನ್ನು ಅವರವರೇ ಎತ್ತುವಂತಿರಬೇಕು, ಆದ್ದರಿಂದ ತಲೆಗೊಂದೇ. ಭಾರತದಿಂದ ಹಾಲಿನ ಪದಾರ್ಥಗಳನ್ನು ಒಯ್ಯುವುದಕ್ಕೆ ಅಲ್ಲಿ ಕಟ್ಟುನಿಟ್ಟಾದ ನಿರ್ಬಂಧವಿರುವುದರಿಂದ ಧಾರವಾಡ ಪೇಡೆಯನ್ನು ಇಲ್ಲಿಯೇ ಬಿಟ್ಟು ಹೊರಡುತ್ತೇವೆ. ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿಗಳಿಗೆ ಜಾಗ ಮಾಡಲಾಗಿದೆ. ಅಲ್ಲಿಯ ರೈಲುಗಳಲ್ಲಿ ಮನೆಯ ಬುತ್ತಿ ಬಿಚ್ಚಿ ಉಣ್ಣಲು ಅಡ್ಡಿಯಿಲ್ಲವೆಂದು ಮಗಳು ಭರವಸೆ ಕೊಟ್ಟ ಮೇಲೆ ರೊಟ್ಟಿಯ ಎಣಿಕೆ ನಲವತ್ತರಿಂದ ಅರವತ್ತಕ್ಕೆ ಏರಿತು. ಟಿಕೆಟ್ಟುಗಳು ಮಾರಾಟಕ್ಕೆ ಬಿಡುಗಡೆಯಾದ ದಿನ ರಾತ್ರಿ ಮಗಳು ಫೋನು ಮಾಡುವಳು; ಮೇಜಿರುವ ಆಸನ ದೊರೆಯದ ರೈಲಾದರೆ ಅದನ್ನು ಬಿಟ್ಟು ಮುಂದಿನದನ್ನು ನೋಡಬೇಕೆಂದು ಅವಳಿಗೆ ಹೇಳಿಟ್ಟಿದ್ದೇವೆ.