ಕಾಲಿಗೂ ಒಂದು ಟಿಕೆಟ್ ಕೊಡಿ!

2021ರ ಅಕ್ಟೋಬರ್ 29ರಂದು ನಮ್ಮ ಅಪ್ಪು, 46ರ ಪುನೀತ್ ರಾಜಕುಮಾರ್, ಹೋದರಲ್ಲ... ಆಮೇಲೆ ಕೆಲವು ದಿನ ಎಲ್ಲರ ಕೈಯೂ ಎದೆಯ ಮೇಲೇ! ಜಯದೇವ ಆಸ್ಪತ್ರೆಯ ಮುಂದೆ ಜನ ಸಾಲುಗಟ್ಟಿದರು. ಸರಿ, ಎದೆ ನೋಡಿಕೊಂಡಿರಿ. ಕಾಲನ್ನು ಯಾರು ನೋಡಿಕೊಂಡಿರಿ ಮಾರಾಯ್ರೇ?

ಎದೆಯ ರಕ್ತನಾಳ ಕಟ್ಟುವ ಹಾಗೇ ಕಾಲಿನದೂ ಕಟ್ಟುತ್ತದೆ. ಅಡಿಕೆ ತೋಟದ ಪೈಪಿನಲ್ಲಿ ಕೆಸರು ಕೂತಂತೆ, ಒಳಗೆ ಕೊಬ್ಬು ಮೆತ್ತಿ ದಾರಿ ಕಿರಿದಾಗುತ್ತದೆ. ಕೂತಿದ್ದಾಗ ಸಣ್ಣ ಧಾರೆ ಸಾಕು. ಏರು ಹತ್ತುವಾಗ ಮೀನಖಂಡ ಹೆಚ್ಚು ರಕ್ತ ಕೇಳುತ್ತದೆ; ಸಿಗದೆ ಹಿಂಡಿದಂತೆ ನೋಯುತ್ತದೆ.

ಸಿದ್ದಾಪುರದ ಗೆಳೆಯನೊಬ್ಬ ಸಿನಿಮಾಕ್ಕೆಂದು ಶಿರಸಿಗೆ ಬರುತ್ತಾನೆ. 35 ದಾಟಿಲ್ಲ, ಬೀಡಿ ಬಾಯಿಂದ ಇಳಿದದ್ದಿಲ್ಲ. ಬಸ್ ಸ್ಟ್ಯಾಂಡಿನಿಂದ ಟಾಕೀಸಿಗೆ ನಡೆಯುವಾಗ ಪೋಸ್ಟರ್ ಕಂಡಲ್ಲೆಲ್ಲ ನಿಲ್ಲುತ್ತಿದ್ದ. ಎಂಥಾ ಅಭಿಮಾನಿ ಎಂದು ಹುಡುಗರಿಗೆಲ್ಲ ನಗು. ಒಂದು ದಿನ ಅವನೇ ಬಾಯಿಬಿಟ್ಟ: "ಪೋಸ್ಟರ್ ಯಾರಿಗೆ ಬೇಕೋ? ಕಾಲು ಹಿಡ್ಕೊಳ್ತದೆ, ನಿಂತ್ರೆ ಬಿಡ್ತದೆ."

ಇದೇ ಗುರುತು! ಇಷ್ಟು ದೂರ ನಡೆದರೆ ನೋವು, ಎರಡು ಮೂರು ನಿಮಿಷ ನಿಂತರೆ ಮಾಯ, ಮತ್ತೆ ಅಷ್ಟೇ ದೂರಕ್ಕೆ ಹಾಜರ್. ಜರ್ಮನರು ಇದನ್ನು ಅಂಗಡಿ ಕಿಟಕಿಯ ರೋಗ ಎನ್ನುತ್ತಾರೆ. ಅಂಗಡಿ ನೋಡುವ ನೆಪದಲ್ಲಿ ನಿಲ್ಲುತ್ತಾರಲ್ಲ, ಅದಕ್ಕೆ. ನಮ್ಮಲ್ಲಿ ಪೋಸ್ಟರ್ ರೋಗ ಅನ್ನೋಣ!

ಇನ್ನೂ ಗುರುತುಗಳಿವೆ. ಒಂದು ಪಾದ ಇನ್ನೊಂದಕ್ಕಿಂತ ತಣ್ಣಗಿರುವುದು. ಕಾಲಿನ ಕೂದಲು ಉದುರಿ ಚರ್ಮ ಹೊಳೆಯುವುದು. ರಾತ್ರಿ ಪಾದ ನೋಯುವುದು, ಮಂಚದಿಂದ ಇಳಿಬಿಟ್ಟರೆ ಮಾತ್ರ ಹಾಯೆನಿಸುವುದು. ಮಳೆಗಾಲದಲ್ಲಿ ಯಲ್ಲಾಪುರದ ಕಾಡಿಗೆ ಹೋದವನಿಗೆ ಉಂಬಳ ಕಚ್ಚದೆ ಬಿಡುವುದಿಲ್ಲ, ನಿಜ. ಆದರೆ ಬೆರಳಿನ ಗಾಯ ಎರಡು ವಾರವಾದರೂ ಮಾಯದಿದ್ದರೆ ಉಂಬಳವನ್ನು ಬಯ್ಯುತ್ತ ಕೂರಬೇಡಿ, ಡಾಕ್ಟರಿಗೆ ತೋರಿಸಿ.

ಮುದುಕರ ಕಾಯಿಲೆ, ಸಕ್ಕರೆಯವರ ಕಾಯಿಲೆ ಅಂತೀರಾ? ಹೆಚ್ಚಾಗಿ ಹೌದು. ಆದರೆ ಇದಕ್ಕೊಬ್ಬ ತಮ್ಮನಿದ್ದಾನೆ. 1908ರಲ್ಲಿ ನ್ಯೂಯಾರ್ಕಿನ ಡಾಕ್ಟರ್ ಲಿಯೋ ಬರ್ಗರ್ ವಿವರಿಸಿದ ರೋಗ ಅದು. ಅದರಲ್ಲಿ ಕೊಬ್ಬಲ್ಲ, ನಾಳವೇ ಊದಿ ರಕ್ತ ಹೆಪ್ಪುಗಟ್ಟುತ್ತದೆ. 45ರೊಳಗಿನ, ಬೀಡಿ ಸಿಗರೇಟು ಸೇದುವ ಗಂಡಸರೇ ಅದರ ಗಿರಾಕಿಗಳು. ಬಿಟ್ಟರೆ ಅಲ್ಲಿಗೇ ನಿಲ್ಲಬಹುದು. ಬಿಡದಿದ್ದರೆ ಬೆರಳು, ಪಾದ ಕತ್ತರಿಸುವ ತನಕ ಹೋಗುತ್ತದೆ. ಹೀರೋ ಹೊಗೆ ಬಿಡುವಾಗ ಪರದೆಯ ಮೂಲೆಯಲ್ಲಿ ಬರುವ ಎಚ್ಚರಿಕೆಯ ಸಾಲಿನಲ್ಲಿ ಕಾಲಿನ ಹೆಸರೇ ಇಲ್ಲ!

ಪರೀಕ್ಷೆ ಸುಲಭ, ಸೂಜಿಯಿಲ್ಲ. ಪಾದದ ನಾಡಿ ಮುಟ್ಟಿ ನೋಡುತ್ತಾರೆ. ಕಣಕಾಲಿನ ಬಿ.ಪಿ.ಯನ್ನು ತೋಳಿನ ಬಿ.ಪಿ.ಯಿಂದ ಭಾಗಿಸುತ್ತಾರೆ, 0.9 ಅಥವಾ ಕಡಿಮೆ ಬಂದರೆ ನಾಳ ಕಿರಿದಾಗಿದೆ ಎಂದೇ ಲೆಕ್ಕ.

ಕಾಲು ಏಕಾಏಕಿ ಬಿಳಿಚಿ, ತಣ್ಣಗಾಗಿ, ಜೋಮು ಹಿಡಿಯಿತೋ, ಕೆಲವೇ ಗಂಟೆಗಳ ಆಟ. ಶಿರಸಿಯಿಂದ ಹುಬ್ಬಳ್ಳಿಗೇ ಸುಮಾರು 100 ಕಿ.ಮೀ. ಬೆಳಗಾಗಲಿ ಎನ್ನಬೇಡಿ, ಆಗಲೇ ಹೊರಡಿ.

ಗೆಳೆಯನಿಗೆ ಡಾಕ್ಟರು ಹೇಳಿದ್ದು ಒಂದೇ ಡೈಲಾಗು: "ಬೀಡಿ ಬಿಡು, ಇಲ್ಲ ಕಾಲು ಬಿಡು." ಅವನು ಬೀಡಿ ಬಿಟ್ಟ. ನೀವು? ಮೊದಲ ದಿನ ಮೊದಲ ಆಟಕ್ಕೆ ಓಡಲು ಕಾಲು ಬೇಕಲ್ಲವೇ?