ವರ್ಗದಾರರ ಮನೆ

ಕೆರಾಡಿಯ ನಮ್ಮ ಮನೆಯವರು ಮೂಲತಃ ವರ್ಗದಾರರೆಂದು ಸೋದರಮಾವನವರು ಹೇಳುತ್ತಿದ್ದುದನ್ನು ಕೇಳಿಯೇ ನಾನು ಬೆಳೆದವನು. ಅದಕ್ಕೆ ಆಧಾರವನ್ನು ಕಾಣಬೇಕೆಂಬ ಹಂಬಲದಿಂದ ಕುಂದಾಪುರದ ತಾಲೂಕು ಕಚೇರಿಯಲ್ಲಿ ಹಳೆಯ ಅಡಂಗಲಿನ ನಕಲನ್ನು ಬೇಡಿದೆನು. 1862ರಲ್ಲಿ ಉತ್ತರ ಕನ್ನಡವು ಮುಂಬಯಿಗೆ ಸೇರಿದರೂ ನಮ್ಮ ಸೀಮೆಯು 1956ರ ವರೆಗೆ ಮದರಾಸಿನದೇ ಆಗಿದ್ದುದರಿಂದ ಕಾಗದಗಳ ಕ್ರಮವೂ ಮದರಾಸಿನದು.

ಮೊದಲು ಅಜ್ಜನ ತಂದೆಯ ಹೆಸರನ್ನು ಹುಡುಕಿ ದಣಿದೆನು. ಅಳಿಯಸಂತಾನದ ಮನೆಯಲ್ಲಿ ಅದು ಸಿಕ್ಕೀತೆ? ಹಕ್ಕು ಇಳಿಯುವುದು ತಾಯಿಯ ಕವಲಿನಲ್ಲಿ; ಕಾಗದದಲ್ಲಿ ಕಾಣುವುದು ಯಜಮಾನನಾದ ಮಾವನ ಹೆಸರು. ಈ ಬುದ್ಧಿ ನನಗೆ ತಡವಾಗಿ ಬಂದಿತು. ಅಜ್ಜಿಯ ಅಣ್ಣನನ್ನು ಹುಡುಕಿದೊಡನೆ ಸಿಕ್ಕಿದನು. ಆದರೆ ವರ್ಗದಾರನಾಗಿಯಲ್ಲ, ಚಾಲಗೇಣಿಯವನಾಗಿ! ಧಣಿಯ ಮನೆತನವೇ ಬೇರೆ. ವರ್ಷವರ್ಷವೂ ಅಕ್ಕಿಯ ಮುಡಿಗಳನ್ನು ಹೊತ್ತು ಅವರ ಅಂಗಳಕ್ಕೆ ಮುಟ್ಟಿಸಿದವರು ನಮ್ಮವರು. ಮುಡಿಯೊಂದಕ್ಕೆ ನಲವತ್ತೆರಡು ಸೇರು. ಮಳೆಗಾಲದಲ್ಲಿ ಮನೆಯ ಮಕ್ಕಳಿಗೆ ಉಳಿದುದೆಷ್ಟೋ!

1974ರ ಭೂಸುಧಾರಣೆಯ ತರುವಾಯ ಗದ್ದೆಯು ನಮ್ಮದಾಯಿತು. ಭೂನ್ಯಾಯಮಂಡಳಿಗೆ ಕೊಟ್ಟ ಅರ್ಜಿಯಲ್ಲಿ ಗೇಣಿದಾರನೆಂದು ರುಜು ಹಾಕಿದವರು ಸ್ವತಃ ನನ್ನ ಮಾವನವರೇ. ಆ ರುಜುವನ್ನು ನೋಡುತ್ತ ಬಹಳ ಹೊತ್ತು ಕುಳಿತಿದ್ದೆನು.

ಸಂಜೆ ಜಗಲಿಯಲ್ಲಿ ಅವರು ಕೇಳಿದರು: “ಏನು ಸಿಕ್ಕಿತು?”

“ಅಜ್ಜಿಯ ಅಣ್ಣನ ಹೆಸರು ಸಿಕ್ಕಿತು” ಎಂದೆನು.

ಅವರು ನನ್ನ ಮುಖವನ್ನು ನೋಡಿ, ಎಲೆಯಡಿಕೆಯ ತಟ್ಟೆಯನ್ನು ನನ್ನತ್ತ ಸರಿಸಿದರು.