ಯಾರಿಂದ ಬಂದಿತು?

ಮನೆಯಲ್ಲಿ ಒಬ್ಬರಿಗೆ ಜ್ವರ ಬಂದು ಮತ್ತೊಬ್ಬರಿಗೆ ತಗುಲಿತೆಂದರೆ, ಔಷಧದ ಯೋಚನೆಗಿಂತ ಮೊದಲೇ ಗೃಹಸ್ಥರಾದ ನಮ್ಮಗಳ ಬಾಯಿಂದ ಹೊರಡುವ ಪ್ರಶ್ನೆಯೊಂದುಂಟು: “ಇದು ಯಾರಿಂದ ಬಂದಿತು?” ಕೇಳುವವರಲ್ಲಿ ಉತ್ತರವೂ ಸಿದ್ಧವಾಗಿಯೇ ಇರುತ್ತದೆ, ಅದು ಬಹುಮಟ್ಟಿಗೆ ಎದುರು ಮಾತನಾಡಲಾರದವರ ಕಡೆಗೇ ಬೆರಳು ತೋರಿಸುತ್ತದೆ. ಮೂವತ್ತು ವರ್ಷಕ್ಕೆ ಮಿಕ್ಕಿ ಹುಡುಗರಿಗೆ ಸಂಸ್ಕೃತವನ್ನು ಬೋಧಿಸಿ, ಈಚೆಗೆ ನಿವೃತ್ತರಾಗಿ ಬಳ್ಳಾರಿಯಲ್ಲಿ ನೆಲಸಿರುವ ನಾವು ಈ ವಿಷಯದಲ್ಲಿ ಇತರರಿಗಿಂತ ಲೇಸಾಗಿ ನಡೆದುಕೊಂಡೆವೆಂದು ಹೇಳುವಂತಿಲ್ಲ. ಆ ಸಂಗತಿಯನ್ನೇ ವಾಚಕರ ಮುಂದಿಡುತ್ತಿದ್ದೇವೆ.

ಕೊರೋನಾ ಎಂಬ ಹೆಸರು ನಮ್ಮ ಸೀಮೆಗೆ ದೂರದ ಸುದ್ದಿಯಾಗಿ ಬಹುಕಾಲ ಉಳಿಯಲಿಲ್ಲ. ಈ ರೋಗದಿಂದ ಭಾರತದಲ್ಲಿ ಸಂಭವಿಸಿದ ಮೊದಲನೆಯ ಮರಣವು 2020ನೆಯ ಮಾರ್ಚಿಯಲ್ಲಿ ಕಲಬುರಗಿಯ ವೃದ್ಧರೊಬ್ಬರದು. ಅದೇ ತಿಂಗಳು 25ರಿಂದ ದೇಶವೆಲ್ಲ ಬಾಗಿಲು ಹಾಕಿಕೊಂಡಿತು. ಪಾಠಶಾಲೆಗಳೂ ಮುಚ್ಚಿದವು. “ಮಕ್ಕಳಿಗೆ ಇದು ಏನೂ ಮಾಡದು, ಆದರೆ ಮನೆಗೆ ಹೊತ್ತು ತರುವವರು ಮಾತ್ರ ಅವರೇ” ಎಂಬ ಮಾತು ಅಂಗಡಿಯ ಕಟ್ಟೆಗಳಲ್ಲಿಯೂ ನಮ್ಮ ಉಪಾಧ್ಯಾಯರ ಕೊಠಡಿಯಲ್ಲಿಯೂ ಹಬ್ಬಿತು. ಮೊದಲರ್ಧವು ಹೆಚ್ಚುಕಡಿಮೆ ನಿಜ; ಬಹುಪಾಲು ಮಕ್ಕಳಿಗೆ ಒಂದೆರಡು ದಿನದ ಜ್ವರ, ನೆಗಡಿ, ಅಷ್ಟೆ. ಎರಡನೆಯ ಅರ್ಧವನ್ನು ನಾವು ವಿಚಾರಮಾಡದೆ ನಂಬಿದೆವು.

ನಮ್ಮ ಮೂಲದ ಮನೆ ಇರುವುದು ಕುರುಗೋಡಿನಲ್ಲಿ, ದೊಡ್ಡಬಸವೇಶ್ವರನ ಊರಿನಲ್ಲಿ. ಅಣ್ಣನವರೂ ಎಂಬತ್ತು ದಾಟಿದ ತಾಯಿಯವರೂ ಅಲ್ಲಿದ್ದರು. ಮಗಳನ್ನು ಕೊಟ್ಟಿರುವುದು ಸಿರುಗುಪ್ಪಕ್ಕೆ. ಕಾಲುವೆಯ ನೀರು, ಬತ್ತದ ಗದ್ದೆ, ಅಕ್ಕಿಯ ಗಿರಣಿ ಇವೇ ಆ ಊರಿನ ಬಾಳು. 2021ನೆಯ ಏಪ್ರಿಲ್ 13ರ ಯುಗಾದಿಗೆ ಎಲ್ಲರೂ ಕುರುಗೋಡಿನಲ್ಲಿ ಸೇರತಕ್ಕದ್ದೆಂದು ತಾಯಿಯವರ ಅಪ್ಪಣೆಯಾಗಿದ್ದಿತು. ಸಾರಿಗೆ ನೌಕರರ ಮುಷ್ಕರದಿಂದ ಸರ್ಕಾರಿ ಬಸ್ಸುಗಳು ನಿಂತಿದ್ದ ದಿನಗಳವು. ಅಳಿಯಂದಿರು ಹೆಂಡತಿಯನ್ನೂ ಆರು ವರ್ಷದ ಮಗನನ್ನೂ ಮೋಟಾರು ಸೈಕಲ್ಲಿನಲ್ಲಿ ಕೂರಿಸಿಕೊಂಡು ಬಂದರು. ನಾವಾದರೋ ಹಬ್ಬಕ್ಕೆ ಮೂರು ದಿನ ಮುಂಚೆ ಬೆಂಗಳೂರು ರಸ್ತೆಯ ಅಂಗಡಿಗಳಲ್ಲಿ ಎರಡು ಘಂಟೆ ಬಟ್ಟೆಬರೆ ಕೊಂಡು, ಕಿಕ್ಕಿರಿದ ಖಾಸಗಿ ವಾಹನದಲ್ಲಿ ಹೋದೆವು. ಮಾಸ್ಕು ಗದ್ದದ ಕೆಳಗಿದ್ದಿತು. ನಲವತ್ತೈದು ದಾಟಿದವರಿಗೆಲ್ಲ ಏಪ್ರಿಲ್ 1ರಿಂದ ಲಸಿಕೆ ದೊರೆಯುತ್ತಿದ್ದಿತು. ಹಬ್ಬ ಕಳೆಯಲಿ ಎಂದು ನಾವು ಮುಂದೂಡಿದ್ದೆವು.

ಹಬ್ಬದ ಮಾರನೆಯ ಸಂಜೆ ನಮಗೆ ಗಂಟಲು ಕೆರೆಯಿತು. ಬಳ್ಳಾರಿಯ ಬಿಸಿಲು, ಉಷ್ಣ ಎಂದು ಮಜ್ಜಿಗೆ ಕುಡಿದು ಸುಮ್ಮನಾದೆವು. 18ರಂದು ಹುಡುಗನಿಗೆ ಜ್ವರ ಬಂದಿತು, 20ರ ಹೊತ್ತಿಗೆ ಇಳಿದು ಅಂಗಳದಲ್ಲಿ ಗೋಲಿಯಾಡುತ್ತಿದ್ದನು. 19ರಂದು ತಾಯಿಯವರು ಮಲಗಿದರು. ಮೂಗಿನ ದ್ರವವನ್ನು ಪರೀಕ್ಷಿಸಲಾಗಿ ಮನೆಯಲ್ಲಿ ಐವರಿಗೆ ಸೋಂಕು. ಉಸಿರು ಕಷ್ಟವಾಗಿ ತಾಯಿಯವರನ್ನು ಆಂಬುಲೆನ್ಸಿನಲ್ಲಿ ಬಳ್ಳಾರಿಗೆ ಸಾಗಿಸಿದ ಸಂಜೆ, ಪಡಸಾಲೆಯಲ್ಲಿ ಕುಳಿತು ನಾವು ಅಣ್ಣನವರಿಗೆ ಹೇಳಿದೆವು: “ಈ ಹುಡುಗನೇ ತಂದಿಟ್ಟ. ಬೀದಿಗೆ ಹೋಗಬೇಡವೆಂದರೆ ಕೇಳಲಿಲ್ಲ, ಹೋಗಿ ಅವ್ವನ ತೊಡೆಯ ಮೇಲೆ ಕೂತ.”

ಹುಡುಗನು ಬಾಗಿಲ ಹಿಂದಿದ್ದನು. ಅದು ನಮಗೆ ಆಗ ತಿಳಿಯಲಿಲ್ಲ.

ಚೈತ್ರ ಮುಗಿಯುವ ಮೊದಲೇ ತಾಯಿಯವರು ತೀರಿಕೊಂಡರು. ಆ ಕಾಲದ ಅಂತ್ಯಕ್ರಿಯೆ ಹೇಗಿದ್ದಿತೆಂಬುದನ್ನು ಬಲ್ಲವರಿಗೆ ವಿವರಿಸಬೇಕಾದುದಿಲ್ಲ. ಉಳಿದವರಿಗೆ ವಿವರಿಸಲು ನಮಗೆ ಮನಸ್ಸಿಲ್ಲ.

ಹುಡುಗನಲ್ಲಿ ಮಾತ್ರ ಒಂದು ಬದಲಾವಣೆ ಕಂಡುಬಂದಿತು. ತಟ್ಟೆ ತೆಗೆದುಕೊಂಡು ಮೂಲೆಗೆ ಹೋಗಿ ಉಣ್ಣುವನು. ಯಾರಾದರೂ ಹತ್ತಿರ ಬಂದರೆ ಎರಡು ಹೆಜ್ಜೆ ಹಿಂದೆ ಸರಿಯುವನು. ಅಂಗೈ ಒಡೆಯುವಷ್ಟು ಸಲ ಸಾಬೂನು ಹಚ್ಚಿ ಕೈ ತೊಳೆಯುವನು. ಇದನ್ನು ಕಂಡು ನಾವು ಏನು ಮಾಡಿದೆವೆಂದರೆ, “ಎಷ್ಟು ಜಾಣ ನೋಡು, ದೊಡ್ಡವರಿಗೂ ಈ ಶಿಸ್ತಿಲ್ಲ” ಎಂದು ನಾಲ್ಕು ಜನರೆದುರು ಹೊಗಳಿದೆವು.

ಮೇ ಮೊದಲ ವಾರದಲ್ಲಿ ಅವರು ಸಿರುಗುಪ್ಪಕ್ಕೆ ಮರಳಿದರು. 10ರಿಂದ ರಾಜ್ಯವೆಲ್ಲ ಬಿಗಿಯಾಗಿ ಮುಚ್ಚಿತು. ಸುಮಾರು ಒಂದು ವಾರ ಕಳೆಯುವಷ್ಟರಲ್ಲಿ ಹುಡುಗನಿಗೆ ಮತ್ತೆ ಜ್ವರ. ಈ ಸಲ ಇಳಿಯದ ಜ್ವರ. ಕಣ್ಣು ಕೆಂಪಾಗಿ, ತುಟಿ ಒಡೆದು, ಮೈಮೇಲೆ ದದ್ದುಗಳೆದ್ದವು. ಅಮ್ಮ ಬಂದಿದ್ದಾಳೆಂದು ನೆರೆಯವರು ಬೇವಿನ ಸೊಪ್ಪು ತಂದರು. ಹೊಟ್ಟೆನೋವು ಎಲ್ಲಕ್ಕಿಂತ ಮೊದಲೇ ಆರಂಭವಾಗಿದ್ದಿತಂತೆ. ಅದನ್ನು ಅವನು ಮೂರು ದಿನ ಹೇಳಿರಲಿಲ್ಲ. ತಾಯಿ ಕೇಳಿದರೆ, “ಹೇಳಿದ್ರೆ ಮತ್ತೆ ಎಲ್ಲರಿಗೂ ಬರುತ್ತೆ” ಎಂದನಂತೆ.

ಕೌಮಾರಭೃತ್ಯವು ಆಯುರ್ವೇದದ ಎಂಟು ಅಂಗಗಳಲ್ಲೊಂದು. ಅದಕ್ಕೆ ಸೇರಿದ ಕಾಶ್ಯಪಸಂಹಿತೆಯಲ್ಲಿ ವೇದನಾಧ್ಯಾಯವೆಂಬುದೊಂದಿದೆ. ಮಾತು ಬಾರದ ಶಿಶುವಿಗೆ ಎಲ್ಲಿ ನೋಯುತ್ತದೆಂಬುದನ್ನು ಅದರ ಚೇಷ್ಟೆಗಳಿಂದ ಅರಿಯುವ ಬಗೆಯನ್ನು ಅಲ್ಲಿ ಹೇಳಿದೆ. ನಾವು ಅದನ್ನು ಓದಿದ್ದೆವು, ಸಭೆಗಳಲ್ಲಿ ಹೇಳಿ ಮೆಚ್ಚುಗೆಯನ್ನೂ ಪಡೆದಿದ್ದೆವು. ಮಾತು ಬಲ್ಲ ಮಗುವು ನಮ್ಮ ಕಣ್ಣೆದುರಿಗೇ ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದಾಗ ಆ ಚೇಷ್ಟೆಯನ್ನು ಓದಲಾರದೆ ಹೋದೆವು.

ಸಿರುಗುಪ್ಪದ ವೈದ್ಯರೊಬ್ಬರು ಹುಡುಗನನ್ನು ನೋಡಿ, ತಿಂಗಳ ಹಿಂದೆ ಮನೆಯಲ್ಲಿ ಕೊರೋನಾ ಆಗಿತ್ತೆ ಎಂದು ಕೇಳಿ, ಒಡನೆ ಬಳ್ಳಾರಿಗೆ ಕೊಂಡೊಯ್ಯಲು ಹೇಳಿದರು. ಐವತ್ತು ಕಿಲೋಮೀಟರಿಗೂ ಮಿಕ್ಕಿದ ದಾರಿ. ತೆಕ್ಕಲಕೋಟೆಯಲ್ಲಿ ಪೋಲೀಸರು ತಡೆದರೂ ಮಗುವಿನ ಮುಖ ಕಂಡು ಬಿಟ್ಟರು. ಈ ವ್ಯಾಧಿಗೆ ವೈದ್ಯರು ಎಂ.ಐ.ಎಸ್.-ಸಿ. ಎಂದು ಹೆಸರಿಟ್ಟಿದ್ದಾರೆ. ಸೋಂಕು ತಗುಲಿದ ಎರಡರಿಂದ ಆರು ವಾರಗಳ ನಂತರ, ಕೆಲವೇ ಕೆಲವು ಮಕ್ಕಳಲ್ಲಿ ಇದು ತಲೆದೋರುತ್ತದೆ. ವೈರಿಯನ್ನು ಓಡಿಸಲು ಎದ್ದ ಸೈನ್ಯವು ವೈರಿ ಹೋದ ಮೇಲೂ ಆಯುಧವನ್ನು ಕೆಳಗಿಡದೆ ತನ್ನ ಊರಿನ ಮನೆಗಳನ್ನೇ ಸುಡತೊಡಗಿದಂತೆ, ಹೃದಯಕ್ಕೂ ಅಪಾಯವುಂಟು. ಮೊದಲ ಸೋಂಕು ಎಷ್ಟು ಹಗುರವಾಗಿದ್ದರೂ ಇದು ಬರಬಹುದು. ಆದುದರಿಂದ ಸೋಂಕಾದ ಮನೆಯ ಮಗುವಿಗೆ ಕೆಲವು ವಾರಗಳೊಳಗೆ ಇಳಿಯದ ಜ್ವರ, ಕೆಂಪು ಕಣ್ಣು, ದದ್ದು, ಹೊಟ್ಟೆನೋವು ಕೂಡಿ ಬಂದರೆ ಬೇವಿನ ಸೊಪ್ಪನ್ನು ನಂಬಿ ಕುಳಿತಿರತಕ್ಕದ್ದಲ್ಲ. ಸಕಾಲದಲ್ಲಿ ಚಿಕಿತ್ಸೆ ದೊರೆತರೆ ಬಹುತೇಕ ಮಕ್ಕಳು ಗುಣ ಹೊಂದುತ್ತಾರೆ. ನಮ್ಮ ಹುಡುಗನ ಎದೆಯನ್ನು ಎಕೋ ಯಂತ್ರದಿಂದ ನೋಡಿ, ರಕ್ತನಾಳದ ಮೂಲಕ ಇಮ್ಯುನೊಗ್ಲಾಬ್ಯುಲಿನನ್ನೂ ಸ್ಟೀರಾಯ್ಡನ್ನೂ ಕೊಟ್ಟರು.

ಅಲ್ಲಿಯ ಮಕ್ಕಳ ವೈದ್ಯೆಯು ಚಿಕ್ಕ ವಯಸ್ಸಿನವರು. ಕಾಗದ ತೆಗೆದು, “ಮೇಷ್ಟ್ರೇ, ಮನೆಯಲ್ಲಿ ಮೊದಲು ಯಾರಿಗೆ ಶುರುವಾಯಿತು? ತಾರೀಖಿನ ಸಮೇತ ಹೇಳಿ” ಎಂದರು. ನಾವು 18 ಎಂದು ಹುಡುಗನಿಂದಲೇ ಆರಂಭಿಸಿದೆವು. “ಅದಕ್ಕೆ ಮುಂಚೆ ಯಾರಿಗೂ ಕೆಮ್ಮು, ಗಂಟಲು, ಏನೂ ಇರಲಿಲ್ಲವೆ?” ಎಂದರು. ನಮ್ಮ ಮನೆಯಾಕೆ ಹಿಂದಿನಿಂದ, “ಇವರಿಗೆ ಹಬ್ಬದ ಮಾರನೆ ದಿನ ಗಂಟಲು ಕೆರೀತಿತ್ತಲ್ಲಮ್ಮಾ” ಎಂದಳು. ವೈದ್ಯೆಯು 14 ಎಂದು ಬರೆದುಕೊಂಡು ಮುಂದಿನ ಪ್ರಶ್ನೆಗೆ ಹೋದರು. ಯಾರಿಂದ ಯಾರಿಗೆ ಬಂದಿತೆಂದು ಪ್ರಮಾಣಮಾಡಿ ಹೇಳಲು ಯಾರಿಂದಲೂ ಆಗದು. ಆದರೂ ಆ ಎರಡು ತಾರೀಖುಗಳು ಒಂದರ ಕೆಳಗೊಂದು ಕಾಗದದ ಮೇಲಿದ್ದುದನ್ನು ನಾವು ನೋಡಿದೆವು. ಮೊದಮೊದಲಿನ ಅಲೆಗಳಲ್ಲಿ ಮನೆಯೊಳಕ್ಕೆ ರೋಗ ತಂದವರು ಅನೇಕ ವೇಳೆ ದೊಡ್ಡವರೇ ಎಂಬುದನ್ನು ಆಮೇಲೆ ಓದಿ ತಿಳಿದೆವು.

ನಾಲ್ಕನೆಯ ದಿನ ಜ್ವರ ಇಳಿದಾಗ ಹಾಸಿಗೆಯ ಪಕ್ಕದಲ್ಲಿ ಕುಳಿತು, “ಮಗಾ, ಮುತ್ತಜ್ಜಿಗೆ ರೋಗ ನಿನ್ನಿಂದ ಬಂದದ್ದಲ್ಲ. ನಿನಗಿಂತ ಮೊದಲು ನನಗೇ ಬಂದಿತ್ತು. ನಾನು ಸುಳ್ಳು ಹೇಳಿದೆ” ಎಂದೆವು. ಬಹಳ ಹೊತ್ತು ನಮ್ಮನ್ನೇ ನೋಡಿ, “ಹಾಗಾದ್ರೆ ನಿನ್ನ ಯಾರು ಬೈದ್ರು ತಾತ?” ಎಂದು ಕೇಳಿದನು. ಯಾರೂ ಬೈಯಲಿಲ್ಲವೆಂದೆವು. ಅವನು ಗೋಡೆಯ ಕಡೆಗೆ ತಿರುಗಿ ಮಲಗಿದನು.

ಆ ಬೇಸಗೆಯಲ್ಲಿ, ಮೂರನೆಯ ಅಲೆಯು ಮಕ್ಕಳನ್ನೇ ಹಿಡಿಯುವುದೆಂದು ಊರೆಲ್ಲ ಭಯಪಟ್ಟಿದ್ದಿತು. 2022ರ ಜನವರಿಯಲ್ಲಿ ಬಂದ ಆ ಅಲೆಯು ಬಹುಪಾಲು ಮಕ್ಕಳಲ್ಲಿ ಹಗುರವಾಗಿಯೇ ಕಳೆಯಿತು. 2021ರ ಅಕ್ಟೋಬರ್ 25ರಂದು ಚಿಕ್ಕ ತರಗತಿಗಳು ತೆರೆದವು. ನಮ್ಮ ಮೊಮ್ಮಗನು ಒಂದನೆಯ ತರಗತಿಯ ಕೊಠಡಿಯನ್ನು ಕಾಣದೆಯೇ ಎರಡನೆಯದಕ್ಕೆ ಹೋಗಿ ಕುಳಿತನು. ಹೃದಯದಲ್ಲಿ ದೋಷವೇನೂ ಉಳಿದಿಲ್ಲವೆಂದು ವೈದ್ಯರು ಹೇಳಿದರು.

ಈಗ ನಮ್ಮ ಭುಜದೆತ್ತರಕ್ಕೆ ಬೆಳೆದಿದ್ದಾನೆ. ಯುಗಾದಿಗೆ ಇಂದಿಗೂ ಎಲ್ಲರೂ ಕುರುಗೋಡಿನಲ್ಲಿಯೇ ಸೇರುತ್ತೇವೆ. ಬೇವುಬೆಲ್ಲವನ್ನು ಹಂಚುವವನು ಅವನೇ. ಊಟಕ್ಕೆ ಕರೆದಾಗ ಮಾತ್ರ ಪಂಕ್ತಿಯ ಕಟ್ಟಕಡೆಯ ಎಲೆಯನ್ನೇ ಹುಡುಕಿಕೊಂಡು ಹೋಗುತ್ತಾನೆ. ಕಳೆದ ಹಬ್ಬದಲ್ಲಿ ನಾವು ಹಿರಿಯರ ಸಾಲನ್ನು ಬಿಟ್ಟು ಅದರ ಪಕ್ಕದ ಎಲೆಗೆ ಹೋಗಿ ಕುಳಿತೆವು. ಅವನು ಸ್ವಲ್ಪ ಸರಿದು ಜಾಗ ಮಾಡಿಕೊಟ್ಟನು.